ಕೆಳಗೆ ಕಂಪನಿಯ ಡಬ್ಬಿ, ಮೇಲೆ ನಿಮ್ಮ ರೂಟರ್: ವೈಫೈ ಇದೆ, ನೆಟ್ ಇಲ್ಲ

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಮಹಡಿ ಮನೆ. ಕೆಳಗಿನ ಹಾಲ್‌ನಲ್ಲಿ ಫೈಬರ್ ಕಂಪನಿಯವರು ಕೂರಿಸಿದ ವೈಫೈ ಡಬ್ಬಿ ಇದೆ. ಮೇಲೆ ಸಿಗ್ನಲ್ ಬರುತ್ತಿರಲಿಲ್ಲವೆಂದು ಹೊಸ ರೂಟರ್ ತಂದು, ಕೆಳಗಿನಿಂದ ಕೇಬಲ್ ಎಳೆಸಿ ಹಾಕಿಸಿದೆವು. ಈಗ ಸಿಗ್ನಲ್ ಪೂರ್ತಿ ಇದೆ, ಆದರೆ ನನ್ನ ಫೋನಿನಲ್ಲಿ 'ಕನೆಕ್ಟೆಡ್, ನೋ ಇಂಟರ್ನೆಟ್' ಎಂದು ಬರುತ್ತದೆ, ಮಗಳ ಫೋನಿನಲ್ಲಿ ನಡೆಯುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಅದಲುಬದಲಾಗುತ್ತದೆ. ಇತ್ತೀಚೆಗೆ ಕೆಳಗೂ ನೆಟ್ ಹೋಗುತ್ತಿದೆ. ನಡೆದಾಗಲೂ ಮೇಲೆ 200 ಎಂಬಿಪಿಎಸ್ ಪ್ಲಾನಿನಲ್ಲಿ 94 ದಾಟುವುದಿಲ್ಲ. ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಕರೆಯನ್ನು ಮನೆಯ ಸಾಧನಕ್ಕೆ ಕಳಿಸುವ ಏರ್ಪಾಡು) ಮಾಡಿಸಿದರೂ ಬರಲಿಲ್ಲ. ರೂಟರ್ ಬದಲಾಯಿಸಬೇಕೇ? ಮಹಡಿಯ ಒಂದು ಕೋಣೆಯನ್ನು ಕಾಲೇಜು ಹುಡುಗರಿಗೆ ಬಾಡಿಗೆ ಕೊಡುವವರಿದ್ದೇವೆ, ಅವರಿಗೂ ಇದೇ ವೈಫೈ ಕೊಡಬಹುದೇ?

ಉತ್ತರ: ರೂಟರ್ ಕೆಟ್ಟಿಲ್ಲ, ಬದಲಾಯಿಸಬೇಡಿ. ನೀವು ಬರೆದದ್ದರಲ್ಲಿ ಎರಡು ಮಾತು ಮುಖ್ಯ. ಒಂದು ಫೋನಿಗೆ ನೆಟ್ ಬಂದು ಇನ್ನೊಂದಕ್ಕೆ ಬಾರದಿರುವುದು ಒಂದು. ಮೇಲೆ ರೂಟರ್ ಬಂದ ನಂತರ ಕೆಳಗೂ ನೆಟ್ ಹೋಗತೊಡಗಿದ್ದು ಇನ್ನೊಂದು. ಇವೆರಡೂ ಜೊತೆಗೆ ಕಂಡರೆ, ಕೇಬಲ್ ಹೊಸ ರೂಟರಿನ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳನ್ನು ಜೋಡಿಸುವ ಕಿಂಡಿಗೆ) ಹೋಗಿದೆ, ಆದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಆಗಿಲ್ಲ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಕಂಪನಿಯವರು ಕೂರಿಸಿದ್ದು ಬರೀ ಮೋಡೆಮ್ ಅಲ್ಲ. ಫೈಬರಿನ ಬೆಳಕನ್ನು ಡೇಟಾ ಮಾಡುವ ಒಎನ್‌ಟಿ, ಕಂಪನಿಯ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ರೂಟರ್, ಮನೆಯ ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್, ವೈಫೈ ಎಲ್ಲವೂ ಅದರೊಳಗೇ ಇವೆ. ನೀವು ತಂದ ರೂಟರ್ ಕೂಡ ಕಾರ್ಖಾನೆಯಿಂದ ಬರುವಾಗಲೇ ಇದೇ ಕೆಲಸಕ್ಕೆ ಸಿದ್ಧವಾಗಿ ಬಂದಿರುತ್ತದೆ. ಎರಡನ್ನೂ ಲ್ಯಾನ್‌ನಿಂದ ಲ್ಯಾನ್‌ಗೆ ಜೋಡಿಸಿದರೆ ಒಂದೇ ಬಸ್ಸಿನಲ್ಲಿ ಇಬ್ಬರು ಕಂಡಕ್ಟರು ಟಿಕೆಟ್ ಹರಿದ ಹಾಗಾಗುತ್ತದೆ. ನಿಮ್ಮ ಫೋನ್ 'ನನಗೊಂದು ವಿಳಾಸ ಕೊಡಿ' ಎಂದು ಕೇಳಿದಾಗ ಯಾರು ಮೊದಲು ಉತ್ತರಿಸಿದರೋ ಅವರ ಮಾತೇ ನಡೆಯುತ್ತದೆ. ಕೆಳಗಿನ ಡಬ್ಬಿ ಉತ್ತರಿಸಿದರೆ ನೆಟ್ ಸಿಗುತ್ತದೆ. ಹೊಸ ರೂಟರ್ ಉತ್ತರಿಸಿದರೆ, 'ಹೊರಗೆ ಹೋಗುವ ದಾರಿ ನಾನೇ' ಎಂದು ಫೋನಿಗೆ ಹೇಳುತ್ತದೆ, ಆದರೆ ಹೊರಗಿನ ಲೈನು ಬರಬೇಕಾದ ಅದರ ವ್ಯಾನ್ ಪೋರ್ಟ್ ಖಾಲಿ. ಕೆಳಗಿನ ಫೋನುಗಳೂ ಕೇಬಲ್ ಮೂಲಕ ಇದರಿಂದಲೇ ವಿಳಾಸ ಪಡೆದುಬಿಡಬಹುದು, ಆದ್ದರಿಂದಲೇ ಕೆಳಗೂ ತೊಂದರೆ.

ಇದನ್ನು ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ನಡೆಯುವ ಫೋನು, ನಡೆಯದ ಫೋನು ಎರಡರಲ್ಲೂ ವೈಫೈ ಹೆಸರನ್ನು ಒತ್ತಿ, ವಿವರದಲ್ಲಿ 'ಗೇಟ್‌ವೇ' ಅಥವಾ 'ರೂಟರ್' ಎಂದಿರುವ ವಿಳಾಸ ನೋಡಿ. ಒಂದರಲ್ಲಿ 192.168.1.1, ಇನ್ನೊಂದರಲ್ಲಿ 192.168.0.1 ಎಂದಿದ್ದರೆ ರೋಗ ಸಿಕ್ಕಿತು. ಎರಡರಲ್ಲೂ ಒಂದೇ ವಿಳಾಸ ಇದ್ದರೆ ಇನ್ನೂ ಕಷ್ಟ: ಎರಡೂ ಡಬ್ಬಿ ಒಂದೇ ವಿಳಾಸ ಇಟ್ಟುಕೊಂಡು ಕಾದಾಡುತ್ತಿವೆ. ಬ್ರೌಸರಿನಲ್ಲಿ 192.168.1.1 ಹೊಡೆದಾಗ ಒಮ್ಮೆ ಕಂಪನಿಯ ಲಾಗಿನ್ ಪುಟ, ಇನ್ನೊಮ್ಮೆ ಹೊಸ ರೂಟರಿನ ಪುಟ ಬರುವುದು ಅದರ ಗುರುತು.

ಇದೇ ಕೇಬಲ್ ವ್ಯಾನ್ ಪೋರ್ಟಿಗೆ ಹೋಗಿದ್ದರೆ ಲಕ್ಷಣ ಬೇರೆ ಇರುತ್ತಿತ್ತು. ಕೆಳಗೆ ಎಲ್ಲ ಸರಿ, ಮೇಲೆ ಒಬ್ಬರಿಗೂ ನೆಟ್ ಇಲ್ಲ ಎಂದಾದರೆ ಎರಡು ಕಾರಣ ನೋಡಬೇಕು. ಮೊದಲನೆಯದು, ವ್ಯಾನ್ ಕಡೆಯೂ ಲ್ಯಾನ್ ಕಡೆಯೂ 192.168.1 ಸರಣಿಯೇ ಇರುವುದು. ಎರಡೂ ಕಡೆ ಒಂದೇ ಬೀದಿಯ ಹೆಸರಿದ್ದರೆ ರೂಟರಿಗೆ ಯಾವ ಕಡೆ ಕಳಿಸಬೇಕೆಂದು ತಿಳಿಯುವುದಿಲ್ಲ. ಲ್ಯಾನ್ ವಿಳಾಸವನ್ನು 192.168.50.1 ಎಂದೇನಾದರೂ ಬದಲಿಸಿದರೆ ಸರಿಹೋಗುತ್ತದೆ. ಕೆಲವು ಹೊಸ ರೂಟರುಗಳು ಇದನ್ನು ತಾವೇ ಕಂಡುಹಿಡಿದು ಬದಲಿಸಿಕೊಳ್ಳುತ್ತವೆ, ಹಳೆಯವು ಸುಮ್ಮನಿರುತ್ತವೆ. ಎರಡನೆಯದು, ಹಾಕಲು ಬಂದವರು ಹೊಸ ರೂಟರಿನಲ್ಲೂ ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ವಿಧಾನ) ಆರಿಸಿ ಕಂಪನಿಯ ಯೂಸರ್‌ನೇಮ್ ಹಾಕಿರುವುದು. ಕೆಳಗಿನ ಡಬ್ಬಿ ಆಗಲೇ ಡಯಲ್ ಮಾಡಿ ಕೂತಿರುವಾಗ ಮೇಲಿನದು ಎಷ್ಟು ಡಯಲ್ ಮಾಡಿದರೂ ಉತ್ತರ ಕೊಡುವವರು ಯಾರೂ ಇಲ್ಲ. ಅಲ್ಲಿ 'ಡೈನಾಮಿಕ್ ಐಪಿ' ಇರಬೇಕು.

ಕೆಳಗಿನದು ಸರಿಯಿದೆಯೇ ನೋಡಿ

ಮೇಲಿನ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪನ್ನು ಕಂಪನಿಯ ಡಬ್ಬಿಗೆ ನೇರವಾಗಿ ವೈರಿನಿಂದ ಜೋಡಿಸಿ. ಅರ್ಧ ಗಂಟೆ ತಡೆಯಿಲ್ಲದೆ ನಡೆದರೆ ಮುಂದಿನ ಭಾಗಕ್ಕೆ ಹೋಗಿ. ನಡೆಯದಿದ್ದರೆ ದೀಪ ನೋಡಿ. ಫೈಬರ್ ಲೈನಿನ ಪಾನ್ ದೀಪ ಹಸಿರಾಗಿ ಸ್ಥಿರವಾಗಿರಬೇಕು. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ: ಕಂಬದಿಂದ ಕಂಬಕ್ಕೆ ಹೋದ ಫೈಬರ್ ಎಲ್ಲೋ ತುಂಡಾಗಿದೆ, ಅಥವಾ ಡಬ್ಬಿಯ ಹಿಂದೆ ಗೋಡೆಗೆ ಒತ್ತಿ ಮುರಿದಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಕಂಪ್ಲೇಂಟ್ ಕೊಡಿ. ಡಬ್ಬಿಯ ಪುಟದಲ್ಲಿ ಆಪ್ಟಿಕಲ್ ಪವರ್ (ಬರುವ ಬೆಳಕಿನ ಬಲ) ಕಾಣುವಂತಿದ್ದರೆ ಆ ಅಂಕಿಯನ್ನೂ ಹೇಳಿ. -15ರಿಂದ -25 ಡಿಬಿಎಂ ನಡುವೆ ಇದ್ದರೆ ಚಿಂತೆಯಿಲ್ಲ. -27 ಸಮೀಪಿಸಿದರೆ ಲೈನ್ ಆಗಾಗ ಬಿಟ್ಟು ಬಿಟ್ಟು ಬರುತ್ತದೆ. ಅಂಕಿ ಹಿಡಿದು ಮಾತಾಡಿದರೆ 'ರೀಸ್ಟಾರ್ಟ್ ಮಾಡಿ ನೋಡಿ ಸಾರ್' ಎಂಬ ಉತ್ತರ ಕಡಿಮೆಯಾಗುತ್ತದೆ.

ಫೈಬರಿನ ಹಸಿರು ತುದಿಯನ್ನು ಎಳೆದು ನೋಡುವುದು, ಬಟ್ಟೆಯಲ್ಲಿ ಒರೆಸುವುದು ಬೇಡ. ಒಳಗಿನ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾಗೆಂದು ಅಪಾಯವಿಲ್ಲವೆಂದಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಕಂಪನಿಯ ಡಬ್ಬಿಯ ಹಿಂದಿನ ಸಣ್ಣ ರೀಸೆಟ್ ತೂತಿಗೆ ಪಿನ್ನು ಹಾಕಬೇಡಿ. ಡಯಲ್ ವಿವರ, ವಿಲ್ಯಾನ್ ಸಂಖ್ಯೆ (ಲೈನಿಗೆ ಕಂಪನಿ ಇಟ್ಟ ಗುರುತಿನ ಅಂಕಿ) ಎಲ್ಲ ಅಳಿಸಿಹೋಗುತ್ತವೆ. ದೊಡ್ಡ ಕಂಪನಿಗಳ ಕೆಲವು ಡಬ್ಬಿಗಳಿಗೆ ಆ ವಿವರ ಲೈನಿನ ಮೇಲೇ ವಾಪಸ್ ಬರುತ್ತದೆ. ಊರಿನ ಕೇಬಲ್ ಆಪರೇಟರ್ ಕೊಟ್ಟ ಡಬ್ಬಿಯಾದರೆ ಹುಡುಗ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರಬೇಕು, ಭಾನುವಾರವಾದರೆ ಸೋಮವಾರದವರೆಗೆ ಕಾಯಬೇಕು. ನಿಮ್ಮ ಸ್ವಂತ ರೂಟರನ್ನು ಮಾತ್ರ ಧೈರ್ಯವಾಗಿ ರೀಸೆಟ್ ಮಾಡಬಹುದು.

ನಿಮ್ಮ ಮನೆಗೆ ಸರಿಯಾದ ದಾರಿ: ಆಕ್ಸೆಸ್ ಪಾಯಿಂಟ್

ರೂಟರ್ ಕೆಲಸವನ್ನು ಕೆಳಗಿನ ಡಬ್ಬಿಗೇ ಬಿಡಿ. ಮೇಲಿನದು ವೈಫೈ ಹರಡುವುದಷ್ಟೇ ಮಾಡಲಿ. ಮಹಡಿಗೆ ಸಿಗ್ನಲ್ ಬೇಕು ಎಂಬ ಒಂದೇ ಕಾರಣಕ್ಕೆ ರೂಟರ್ ತಂದವರೆಲ್ಲರಿಗೂ ಇದೇ ಸಾಕು.

ರೂಟರಿನ ಪುಟದಲ್ಲಿ 'ಆಪರೇಷನ್ ಮೋಡ್' ಎಂಬುದಿದ್ದು ಅದರಲ್ಲಿ 'ಆಕ್ಸೆಸ್ ಪಾಯಿಂಟ್' ಇದ್ದರೆ ಅದನ್ನೇ ಆರಿಸಿ, ಸೇವ್ ಮಾಡಿ. ಅದು ರೀಸ್ಟಾರ್ಟ್ ಆಗುತ್ತದೆ, ಡಿಎಚ್‌ಸಿಪಿಯನ್ನು ತಾನೇ ಬಿಡುತ್ತದೆ. ಈ ಮೋಡಿನಲ್ಲಿ ಸಾಮಾನ್ಯವಾಗಿ ವ್ಯಾನ್ ಪೋರ್ಟೂ ಲ್ಯಾನ್ ಪೋರ್ಟಿನಂತೆಯೇ ಆಗುವುದರಿಂದ ಕೇಬಲ್ ಯಾವುದಕ್ಕೆ ಹಾಕಿದರೂ ನಡೆಯುತ್ತದೆ. ಆದರೆ ಎರಡು ಕೇಬಲ್ ಹಾಕಬೇಡಿ. ಒಂದೇ ಜೋಡಿ ಡಬ್ಬಿಗಳ ನಡುವೆ ಎರಡು ವೈರ್ ಬಿದ್ದರೆ ಒಂದೇ ಸಂದೇಶ ಗಿರಕಿ ಹೊಡೆಯುತ್ತ ಮನೆಯ ಪೂರ್ತಿ ನೆಟ್ಟನ್ನೇ ನಿಲ್ಲಿಸುತ್ತದೆ. ಆಗ ಎಲ್ಲ ಲ್ಯಾನ್ ದೀಪಗಳೂ ಒಟ್ಟಿಗೆ, ಹುಚ್ಚು ಹಿಡಿದಂತೆ ಮಿಣುಕುತ್ತಿರುತ್ತವೆ.

ಆ ಮೋಡ್ ಇಲ್ಲದ ರೂಟರಾದರೆ ಕೈಯಲ್ಲಿ ಮಾಡಬೇಕು. ಕ್ರಮ ತಪ್ಪಿದರೆ ರೂಟರಿನ ಪುಟವೇ ತೆರೆಯದೆ ಒದ್ದಾಡಬೇಕಾದೀತು, ಅದಕ್ಕೆ ನಿಧಾನವಾಗಿ ನೋಡಿ. ಕೆಳಗಿನಿಂದ ಬಂದ ಕೇಬಲ್ ತೆಗೆದಿಡಿ. ಲ್ಯಾಪ್‌ಟಾಪನ್ನು ಹೊಸ ರೂಟರಿನ ಲ್ಯಾನ್ ಪೋರ್ಟಿಗೆ ವೈರಿನಿಂದ ಜೋಡಿಸಿ ಪುಟ ತೆರೆಯಿರಿ. ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಇವನ್ನೆಲ್ಲ ಈಗಲೇ ಮುಗಿಸಿ. ಆಮೇಲೆ ಲ್ಯಾನ್ ಐಪಿಯನ್ನು ಕೆಳಗಿನ ಡಬ್ಬಿಯ ಸರಣಿಗೆ ತನ್ನಿ: ಅದು 192.168.1.1 ಆಗಿದ್ದರೆ ಇದು 192.168.1.250, ಸಬ್‌ನೆಟ್ ಮಾಸ್ಕ್ 255.255.255.0. ರೂಟರ್ ರೀಸ್ಟಾರ್ಟ್ ಆದ ಮೇಲೆ ಹೊಸ ವಿಳಾಸ ಹೊಡೆದು ಮತ್ತೆ ಒಳಗೆ ಹೋಗಿ, ಕೊನೆಯಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಇದಾದ ಮೇಲೆ ಮಾತ್ರ ಕೆಳಗಿನ ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ.

250 ಎಂಬ ಅಂಕಿಗೂ ಒಂದು ಷರತ್ತಿದೆ. ಬಹಳಷ್ಟು ಡಬ್ಬಿಗಳು 2ರಿಂದ 254ರವರೆಗೆ ಎಲ್ಲವನ್ನೂ ಹಂಚಲು ಇಟ್ಟುಕೊಂಡಿರುತ್ತವೆ. ಯಾವತ್ತೋ ಒಂದು ದಿನ ಅದೇ 250 ಯಾವುದೋ ಫೋನಿಗೆ ಹೋಗಿ ಮತ್ತೆ ಜಗಳ ಶುರುವಾಗಬಾರದೆಂದರೆ ಕೆಳಗಿನ ಡಬ್ಬಿಯ ಡಿಎಚ್‌ಸಿಪಿ ಪಟ್ಟಿಯನ್ನು 20ರಿಂದ 240ರವರೆಗೆ ಮಾತ್ರ ಇರುವಂತೆ ಕಿರಿದು ಮಾಡಿ. ಪ್ರಿಂಟರು, ಡಿವಿಆರ್ (ಸಿಸಿಟಿವಿ ರೆಕಾರ್ಡ್ ಮಾಡುವ ಡಬ್ಬಿ) ಇಂಥವಕ್ಕೆ ಪಟ್ಟಿಯ ಹೊರಗೆ ಉಳಿದ ಅಂಕಿಗಳನ್ನು ಕಾಯಂ ಕೊಡಬಹುದು.

ಡಿಎಚ್‌ಸಿಪಿ ಆಫ್ ಆದ ಮೇಲೆ ಪುಟ ತೆರೆಯದಿದ್ದರೆ ಹೆದರಬೇಡಿ. ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಇಲ್ಲದೆ 169.254ರಿಂದ ಶುರುವಾಗುವ ಅಂಕಿಯನ್ನು ಅದೇ ಹಾಕಿಕೊಂಡಿರುತ್ತದೆ. ಲ್ಯಾಪ್‌ಟಾಪಿಗೆ 192.168.1.245 ಎಂದು ಕೈಯಾರೆ ಕೊಟ್ಟರೆ ಪುಟ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕಲು ಮರೆಯಬೇಡಿ.

ವೈಫೈ ಹೆಸರು ಎರಡಕ್ಕೂ ಒಂದೇ ಇರಬೇಕೇ ಎಂಬುದು ನಿಮ್ಮ ಇಷ್ಟ. ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ವಿಧ ಇಟ್ಟರೆ ಮೆಟ್ಟಿಲು ಹತ್ತುವಾಗ ಫೋನು ತಾನೇ ಬದಲಿಸಿಕೊಳ್ಳುತ್ತದೆ. ಆದರೆ ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವುದು ಫೋನು, ರೂಟರಲ್ಲ. ಕೆಲವು ಫೋನುಗಳು ಒಂದೇ ಗೀಟು ಉಳಿದರೂ ಕೆಳಗಿನದನ್ನೇ ಕಚ್ಚಿಕೊಂಡಿರುತ್ತವೆ. ಅಂಥ ಫೋನು ಮನೆಯಲ್ಲಿದ್ದರೆ ಬೇರೆ ಹೆಸರೇ ವಾಸಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 6 ಅಥವಾ 11 ಇಟ್ಟು, ಅಗಲ 20 ಮೆಗಾಹರ್ಟ್ಸ್ ಮಾಡಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಭದ್ರತೆಯಲ್ಲಿ ಹಳೆಯ ಟಿಕೆಐಪಿ ಆರಿಸಿದರೆ ವೇಗ 54 ಎಂಬಿಪಿಎಸ್‌ಗೆ ಇಳಿಯುತ್ತದೆ, ಡಬ್ಲ್ಯುಪಿಎ2 ಜೊತೆ ಎಇಎಸ್ ಇರಲಿ. ರೂಟರನ್ನು ಅಲ್ಮೇರಾ ಒಳಗೆ, ಟಿವಿ ಹಿಂದೆ ಇಡಬೇಡಿ. ಮೆಟ್ಟಿಲ ಬಾಯಿಯ ಹತ್ತಿರ, ಆಳೆತ್ತರದಲ್ಲಿ ಇಟ್ಟರೆ ಹೆಚ್ಚು ಕೋಣೆ ಮುಟ್ಟುತ್ತದೆ. ಚಿತ್ರದುರ್ಗದ ಕಡೆಯ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವುದೇ ಕಷ್ಟ. ಅಲ್ಲಿ ದುಬಾರಿ ರೂಟರಿಗೆ ಸುರಿಯುವ ಹಣದಲ್ಲಿ ಇನ್ನೊಂದು ಕೋಣೆಗೆ ಕೇಬಲ್ ಎಳೆಸುವುದು ಲೇಸು.

94ಕ್ಕೆ ನಿಲ್ಲುವ ವೇಗ

ಈ ಅಂಕಿ ಆಕಸ್ಮಿಕವಲ್ಲ. 100 ಎಂಬಿಪಿಎಸ್ ಲಿಂಕಿನಲ್ಲಿ ಮೇಲುಖರ್ಚು ಕಳೆದು ಸ್ಪೀಡ್ ಟೆಸ್ಟಿನಲ್ಲಿ ಕಾಣುವುದೇ 94 ಅಥವಾ 95. ಅಂದರೆ ಎರಡು ಡಬ್ಬಿಗಳ ನಡುವಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಇಲ್ಲ. ಮೊದಲು ಹೊಸ ರೂಟರಿನ ಪೆಟ್ಟಿಗೆ ಓದಿ. ವೈಫೈ ವೇಗ 1200 ಎಂದು ದೊಡ್ಡಕ್ಷರದಲ್ಲಿ ಬರೆದು, ಪೋರ್ಟು '10/100' ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಮಾಡೆಲ್‌ಗಳು ಅಂಗಡಿ ತುಂಬ ಇವೆ. ಕೊಳ್ಳುವವರ ಕಣ್ಣಿಗೆ ಮಣ್ಣೆರಚುವ ಕೆಲಸವಿದು. '10/100/1000' ಇದ್ದರೆ ರೂಟರ್ ಸರಿ. ಕಂಪನಿಯ ಡಬ್ಬಿಯಲ್ಲೂ ಕೆಲವೊಮ್ಮೆ ನಾಲ್ಕರಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇರುತ್ತದೆ, ಸಾಮಾನ್ಯವಾಗಿ ಲ್ಯಾನ್ 1. ಕೇಬಲನ್ನು ಅದಕ್ಕೆ ಬದಲಿಸಿ ನೋಡಿ.

ಎರಡೂ ಸರಿಯಿದ್ದರೆ ಅನುಮಾನ ಕೇಬಲಿನ ಮೇಲೆ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕನೆಕ್ಟರಿನೊಳಗೆ ಸರಿಯಾಗಿ ಕೂರದಿದ್ದರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ನೆಟ್ ನಡೆಯುತ್ತಲೇ ಇರುತ್ತದೆ. ಎರಡೂ ತುದಿಯ ಆರ್‌ಜೆ-45 ಕನೆಕ್ಟರನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಲಾಕ್ ಕಡ್ಡಿ ಹಿಂದೆ ಇರುವಂತೆ ಹಿಡಿದಾಗ ಎಡದಿಂದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹೊಸ ಕೇಬಲ್ ಕೊಳ್ಳುವುದಾದರೆ ಕ್ಯಾಟ್ 6, ಅಪ್ಪಟ ತಾಮ್ರದ್ದು ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ತಂತಿ ಬೇಗ ಮುರಿಯುತ್ತದೆ. 100 ಮೀಟರ್‌ವರೆಗೆ ಉದ್ದದ ಚಿಂತೆ ಬೇಡ.

ಕೇಬಲನ್ನು ಹೊರಗೋಡೆಯ ಮೇಲೆ ಎಳೆಸಿದ್ದರೆ ಎರಡು ವಿಷಯ. ನಮ್ಮ ಕಡೆಯ ಬಿಸಿಲಿಗೆ ಮನೆಯೊಳಗಿನ ಬೂದು ಕೇಬಲಿನ ಸಿಪ್ಪೆ ಕೆಲವೇ ಬೇಸಿಗೆಯಲ್ಲಿ ಒಡೆಯುತ್ತದೆ. ಹೊರಗೆ ಹಾಕುವ ಕಪ್ಪು ಸಿಪ್ಪೆಯದ್ದೇ ಬೇಕು, ಇಲ್ಲವೇ ಪೈಪಿನೊಳಗೆ ಹೋಗಲಿ. ಇನ್ನೊಂದು, ಏಪ್ರಿಲ್-ಮೇ ತಿಂಗಳ ಗುಡುಗು ಮಳೆ. ಮನೆಗೆ ಸಿಡಿಲು ಬಡಿಯಬೇಕಿಲ್ಲ, ಹತ್ತಿರದಲ್ಲಿ ಮಿಂಚಿದರೂ ಉದ್ದನೆಯ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಪೋರ್ಟ್ ಸುಡುತ್ತದೆ. ವೈಫೈ ಸರಿ, ಪವರ್ ಸರಿ, ಒಂದು ಲ್ಯಾನ್ ಪೋರ್ಟಿನ ದೀಪ ಮಾತ್ರ ಹತ್ತುವುದೇ ಇಲ್ಲ ಎಂದರೆ ಅದೇ. ಬೇರೆ ಪೋರ್ಟಿಗೆ ಹಾಕಿಕೊಳ್ಳಿ. ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿಡುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಸಿಸಿಟಿವಿ

ಕೆಳಗಿನ ಡಬ್ಬಿಯ ಪುಟದಲ್ಲಿ ವ್ಯಾನ್ ಐಪಿ ಎಷ್ಟಿದೆ ನೋಡಿ, ಬ್ರೌಸರಿನಲ್ಲಿ ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ಪುಟದೊಂದಿಗೆ ಹೋಲಿಸಿ. ಎರಡೂ ಬೇರೆಯಾಗಿದ್ದರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಅಥವಾ 10ರಿಂದ ಶುರುವಾದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದು ವಿಳಾಸದ ಹಿಂದೆ ಹಲವು ಸಾಧನಗಳನ್ನು ಕೂರಿಸುವುದು ನ್ಯಾಟ್, ಅದನ್ನೇ ಕಂಪನಿ ತನ್ನ ಮಟ್ಟದಲ್ಲಿ ಮಾಡಿದರೆ ಸಿಜಿನ್ಯಾಟ್. ಐಪಿವಿ4 ವಿಳಾಸಗಳು ಸಾಲದೆ ಕಂಪನಿಗಳು ಒಂದೇ ಹೊರವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ, 100.64 ಸರಣಿಯನ್ನು 2012ರಲ್ಲಿ ಮೀಸಲಿಟ್ಟದ್ದೇ ಇದಕ್ಕೆ. ಹೊರಗಿನಿಂದ ಬರುವ ಕರೆ ಕಂಪನಿಯ ಸಾಧನದಲ್ಲೇ ನಿಲ್ಲುತ್ತದೆ, ನಿಮ್ಮ ಮನೆಯವರೆಗೆ ಬರುವುದೇ ಇಲ್ಲ. ಆದ್ದರಿಂದ ಮನೆಯಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಅದಕ್ಕೆ ಹಣ ಕೊಟ್ಟಿದ್ದರೆ ಆ ಹಣ ವ್ಯರ್ಥ.

ಡಿವಿಆರ್‌ನಲ್ಲಿ ಪಿ2ಪಿ ಅಥವಾ ಕ್ಲೌಡ್ ಎಂಬುದನ್ನು ಆನ್ ಮಾಡಿ, ಕ್ಯೂಆರ್ ಕೋಡನ್ನು ಅದೇ ಕಂಪನಿಯ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ. ಇಲ್ಲಿ ಡಿವಿಆರ್ ತಾನೇ ಹೊರಗೆ ಕರೆ ಮಾಡುವುದರಿಂದ ಎಷ್ಟು ನ್ಯಾಟ್ ಇದ್ದರೂ ಅಡ್ಡಿಯಿಲ್ಲ. ಅದಕ್ಕೂ ಮೊದಲು ಡಿವಿಆರ್ ಪಾಸ್‌ವರ್ಡ್ ಬದಲಿಸಿ. ಫಿಟ್ ಮಾಡಿದವರು ಇಟ್ಟುಹೋದ ಪಾಸ್‌ವರ್ಡ್ ಹತ್ತಾರು ಮನೆಗಳಲ್ಲಿ ಒಂದೇ ಇರುವ ಸಾಧ್ಯತೆ ಹೆಚ್ಚು. ಹಿಂದೆ ತೆರೆಸಿದ ಪೋರ್ಟ್‌ಗಳನ್ನು ಅಳಿಸಿಹಾಕಿ. ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಹೊರವಿಳಾಸ) ಕೊಳ್ಳಬಹುದು, ಆದರೆ ಮನೆಯ ನಾಲ್ಕು ಕ್ಯಾಮೆರಾಕ್ಕೆ ಅದು ಬೇಡದ ಖರ್ಚು.

ಬ್ರಿಡ್ಜ್ ಮೋಡ್ ಮಾಡಿಸಿ ಎಂದು ಯಾರಾದರೂ ಹೇಳಬಹುದು: ಕೆಳಗಿನದು ಬರೀ ಬೆಳಕು ಬದಲಿಸುವ ಡಬ್ಬಿಯಾಗಿ, ಡಯಲಿಂಗ್ ನಿಮ್ಮ ರೂಟರಿಗೆ ಬರುತ್ತದೆ. ಕೆಳಗಿನ ವೈಫೈಯೂ ಬೇಕಾಗಿರುವ ನಿಮ್ಮ ಮನೆಗೆ ಅದು ಹೊಂದುವುದಿಲ್ಲ. ಮುಂದೆ ಬೇಕೆನಿಸಿದರೆ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಈ ಮೂರನ್ನೂ ಮೊದಲು ಬರೆಸಿಕೊಳ್ಳಿ, ಲ್ಯಾಂಡ್‌ಲೈನ್ ಇದ್ದರೆ ಅದು ಉಳಿಯುತ್ತದೆಯೇ ಕೇಳಿ. ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) 1492 ಇರಬೇಕು. ಆಪರೇಟರ್ ಹಳೆಯ ಡಬ್ಬಿಯ ಮ್ಯಾಕ್ ವಿಳಾಸಕ್ಕೆ (ಕಾರ್ಖಾನೆಯಲ್ಲೇ ಹಾಕಿದ ಗುರುತಿನ ಸಂಖ್ಯೆಗೆ) ಖಾತೆ ಕಟ್ಟಿದ್ದರೆ ಅದನ್ನು ಬಿಡಿಸದೆ ಡಯಲ್ ಆಗುವುದಿಲ್ಲ.

ಬಾಡಿಗೆಯ ಹುಡುಗರಿಗೆ

ಕೊಡಬಹುದು, ಆದರೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಇಲ್ಲಿ ಅನೇಕರು ತಿಳಿದುಕೊಂಡಿರುವುದು ತಲೆಕೆಳಗು. 'ಮೇಲಿನದು ವ್ಯಾನ್ ಪೋರ್ಟಿನಲ್ಲಿ ಬೇರೆ ನೆಟ್‌ವರ್ಕ್ ಆಗಿದ್ದರೆ ಬಾಡಿಗೆಯವರು ಕೆಳಗಿನದನ್ನು ಮುಟ್ಟಲಾರರು' ಎನ್ನುತ್ತಾರೆ. ನ್ಯಾಟ್ ಒಂದೇ ದಿಕ್ಕಿನ ಬಾಗಿಲು. ಕೆಳಗಿನವರು ಮೇಲಿನ ಸಾಧನಗಳನ್ನು ನೋಡಲಾರರು ನಿಜ. ಮೇಲಿನವರು ವಿಳಾಸ ಹೊಡೆದರೆ ಕೆಳಗಿನ ಪ್ರಿಂಟರು, ಡಿವಿಆರ್, ಕಂಪನಿಯ ಡಬ್ಬಿಯ ಲಾಗಿನ್ ಪುಟ ಎಲ್ಲವೂ ತೆರೆಯುತ್ತವೆ. ಬೇರೆ ಸರಣಿಯಾದ್ದರಿಂದ ಪ್ರಿಂಟರ್ ಪಟ್ಟಿಯಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ ಅಷ್ಟೇ, ಮುಟ್ಟಲು ಅಡ್ಡಿಯೇನಿಲ್ಲ.

ಅವರಿಗೆ ಗೆಸ್ಟ್ ನೆಟ್‌ವರ್ಕ್ (ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಅತಿಥಿ ವೈಫೈ) ಮಾಡಿಕೊಡಿ. ಅದರಲ್ಲಿ 'ಲೋಕಲ್ ನೆಟ್‌ವರ್ಕ್ ನೋಡಲು ಬಿಡು' ಎಂಬ ಅರ್ಥದ ಆಯ್ಕೆ ಆಫ್ ಇರಲಿ. ಅಗ್ಗದ ಕೆಲವು ರೂಟರುಗಳು ಆಕ್ಸೆಸ್ ಪಾಯಿಂಟ್ ಮೋಡಿಗೆ ಬಂದರೆ ಗೆಸ್ಟ್ ಪ್ರತ್ಯೇಕತೆಯನ್ನು ಸರಿಯಾಗಿ ಕಾಯುವುದಿಲ್ಲ. ಗೆಸ್ಟ್‌ಗೆ ಸೇರಿದ ಫೋನಿನಿಂದ 192.168.1.1 ಹೊಡೆದು ನೋಡಿ. ಲಾಗಿನ್ ಪುಟ ಬಂದರೆ ಆ ಗೆಸ್ಟ್ ಬರೀ ಹೆಸರಿಗೆ. ಆಗ ಗೆಸ್ಟನ್ನು ಕೆಳಗಿನ ಡಬ್ಬಿಯಲ್ಲೇ ಮಾಡಿ ಇದೇ ಪರೀಕ್ಷೆ ನಡೆಸಿ. ಅದೂ ಆಗದಿದ್ದರೆ ಅವರ ಕೋಣೆಗೆ ಬೇರೆ ಕನೆಕ್ಷನ್, ಅವರದೇ ಹೆಸರಿನಲ್ಲಿ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದ್ದರೆ ಅದರಲ್ಲಿ ಯಾರು ಏನು ಮಾಡಿದರೂ ವಿಚಾರಿಸಲು ಬರುವುದು ನಿಮ್ಮ ಮನೆಗೆ.

ಕರೆಂಟಿನ ವಿಚಾರವನ್ನು ನೀವು ಕೇಳಿಲ್ಲ, ಆದರೂ ಕೆಳಗಿನ ಡಬ್ಬಿ ಇನ್ವರ್ಟರ್ ಲೈನಿನಲ್ಲಿದ್ದು ಮೇಲಿನದು ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಮತ್ತೆ ಇದೇ ದೂರು ಬರುತ್ತದೆ. ಮಿನಿ ಯುಪಿಎಸ್ ತರುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಓದಿ. ಕಂಪನಿಯ ಡಬ್ಬಿಗಳು ಹೆಚ್ಚಾಗಿ 12 ವೋಲ್ಟಿನವು, ಅಗ್ಗದ ರೂಟರುಗಳಲ್ಲಿ 9 ವೋಲ್ಟಿನವೂ ಇವೆ, ಪಿನ್ನು ಮಾತ್ರ ಎರಡಕ್ಕೂ ಹೊಂದುತ್ತದೆ. ವೋಲ್ಟೇಜ್ ತಾಳೆಯಾಗಲೇಬೇಕು; ಆಂಪಿಯರ್ ಬರೆದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇದ್ದರೆ ರೂಟರ್ ಗಂಟೆಗೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ.